ಹಿಂದಕ್ಕೆ ನಡೆದ ಲ್ಯಾಪ್‌ಟಾಪ್

ನಾನು ಒಂದು ಲ್ಯಾಪ್‌ಟಾಪ್. ಕಳಪೆ ಸರಕಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಜೋಡಿಸಿದ ಕಾರ್ಖಾನೆಯಲ್ಲಿ ನೆಲದ ಮೇಲೆ ಒಂದು ಕೂದಲೆಳೆ ಬಿದ್ದರೂ ಯಾರಾದರೂ ಓಡಿಬಂದು ಎತ್ತುತ್ತಿದ್ದರು. ಬಿಳಿ ಕೈಗವಸು ತೊಟ್ಟವರು ನನ್ನ ಎದೆಯೊಳಗೆ ಆ ವರ್ಷದ ಅತಿ ಚುರುಕಿನ ಪ್ರೊಸೆಸರನ್ನು ಕೂರಿಸಿದರು. ಹಗುರಾದ ಲೋಹದ ಮೈ ತೊಡಿಸಿದರು. ಆಗಷ್ಟೇ ಬಿಡುಗಡೆಯಾಗಿದ್ದ ಆಪರೇಟಿಂಗ್ ಸಿಸ್ಟಂ ತುಂಬಿ ಪೆಟ್ಟಿಗೆಯಲ್ಲಿ ಮಲಗಿಸಿದರು. ಇದು ನಾಳೆಗಾಗಿ ತಯಾರಾದದ್ದು ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು. ನಾನು ಅದನ್ನು ನಂಬಿದೆ.

ನನ್ನ ಮೊದಲ ಯಜಮಾನ ಬೆಳಗಾವಿಯ ವಿನಾಯಕ ಪಡಸಲಗಿ. ಶ್ರವಣ ಯಂತ್ರ ತಯಾರಿಸುವ ದೊಡ್ಡ ಕಂಪನಿಯೊಂದರ ಪ್ರತಿನಿಧಿ. ಕಿವಿ ಮಂದವಾದವರು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ ಪುಟ್ಟ ಯಂತ್ರವನ್ನು ನೀವು ನೋಡಿರಬಹುದು. ಅದನ್ನು ಕೊಂಡ ಕೂಡಲೇ ಹಾಕಿಕೊಳ್ಳುವಂತಿಲ್ಲ. ಕನ್ನಡಕಕ್ಕೆ ನಂಬರು ಇರುವ ಹಾಗೆ ಅದಕ್ಕೂ ಒಂದೊಂದು ಕಿವಿಗೆ ಒಂದೊಂದು ಹದ ಇರುತ್ತದೆ. ಆ ಹದವನ್ನು ಕಂಪ್ಯೂಟರಿಗೆ ತಂತಿ ಜೋಡಿಸಿ ಕಂಪನಿಯದೇ ತಂತ್ರಾಂಶದಿಂದ ತುಂಬಬೇಕು. ಕಿವಿ ಇನ್ನಷ್ಟು ಕೆಟ್ಟರೆ ಹದವನ್ನೂ ಬದಲಿಸಬೇಕು. ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿರಲಿ, ಆ ತಂತ್ರಾಂಶ ಇಲ್ಲವಾದರೆ ಅದು ಕಿವಿಗೆ ನೇತುಹಾಕಿದ ಬರೀ ಪ್ಲಾಸ್ಟಿಕ್ಕು.

ವಿನಾಯಕ ನನ್ನನ್ನು ಕಾರಿನಲ್ಲಿ ಹಾಕಿಕೊಂಡು ಊರೂರು ತಿರುಗುತ್ತಿದ್ದ. ಕ್ಲಿನಿಕ್ಕುಗಳಲ್ಲಿ ನನ್ನ ಮುಚ್ಚಳ ತೆರೆದು ಕಂಪನಿಯ ಹೊಸ ತಂತ್ರಾಂಶ ತೋರಿಸುತ್ತಿದ್ದ. ನನ್ನ ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳು ಕುಣಿಯುತ್ತಿದ್ದವು. ಜನ ತಲೆದೂಗುತ್ತಿದ್ದರು. ನನಗೂ ಹೆಮ್ಮೆಯಾಗುತ್ತಿತ್ತು.

ಹಾಗೆ ತಿರುಗುತ್ತಾ ಒಂದು ದಿನ ಬನಹಟ್ಟಿಗೆ ಬಂದೆವು. ರಬಕವಿ ಮತ್ತು ಬನಹಟ್ಟಿ ಒಂದಕ್ಕೊಂದು ಅಂಟಿಕೊಂಡ ನೇಕಾರರ ಊರುಗಳು. ಓಣಿಗೆ ಕಾಲಿಟ್ಟರೆ ಸಾಕು, ಎರಡೂ ಬದಿಯ ಮನೆಗಳಿಂದ ವಿದ್ಯುತ್ ಮಗ್ಗಗಳ ಖಟಪಟ ಸದ್ದು ಮೈಮೇಲೆ ಸುರಿಯುತ್ತದೆ. ಅಲ್ಲಿ ಇಬ್ಬರು ನಿಂತು ಮಾತಾಡುವುದನ್ನು ದೂರದಿಂದ ನೋಡಿದರೆ ಜಗಳವಾಡುತ್ತಿದ್ದಾರೆ ಅನಿಸುತ್ತದೆ. ಜಗಳವಲ್ಲ, ಕೇಳಿಸಲಿ ಎಂದು ಅರಚುವುದು ಅವರಿಗೆ ರೂಢಿ.

ಅಲ್ಲಿನ ಕಿವಿ ಪರೀಕ್ಷೆಯ ಕ್ಲಿನಿಕ್ಕು ಝರೀನಾ ಜಮಾದಾರ ಅವರದು. ಮೈಸೂರಿನಲ್ಲಿ ಓದಿ, ಬೇರೆಲ್ಲೂ ನಿಲ್ಲದೆ ಊರಿಗೆ ಮರಳಿದ ಹೆಂಗಸು. ತಂದೆ ದಸ್ತಗೀರಸಾಬರು ಜೀವಮಾನವಿಡೀ ಮಗ್ಗ ನಡೆಸಿದವರು. ಕೊನೆಗಾಲದಲ್ಲಿ ಯಾರು ಸಲಾಮು ಹೇಳಿದರೂ ತಿರುಗಿ ನೋಡುತ್ತಿರಲಿಲ್ಲವಂತೆ. ಸೊಕ್ಕು ಎಂದು ಓಣಿಯ ಜನ ಆಡಿಕೊಂಡರು. ಅವರಿಗೆ ಕೇಳಿಸುತ್ತಿರಲಿಲ್ಲ ಎಂಬುದು ಮಗಳು ಕಾಲೇಜಿನಲ್ಲಿ ಕಿವಿಯ ಪಾಠ ಓದುವಾಗಲೇ ಮನೆಯವರಿಗೆ ತಿಳಿದದ್ದು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

ವಿನಾಯಕ ಎಂದಿನಂತೆ ನನ್ನನ್ನು ತೆರೆದು ಹೊಸ ತಂತ್ರಾಂಶ ತೋರಿಸಿದ. ಹಳೆಯ ಸಾಲಿನ ಯಂತ್ರಗಳನ್ನು ಕಂಪನಿ ನಿಲ್ಲಿಸಿದೆ, ಅವುಗಳ ತಂತ್ರಾಂಶವೂ ಇನ್ನು ಮುಂದೆ ಇರುವುದಿಲ್ಲ ಎಂದ. ಈಗಾಗಲೇ ಹಳೆಯ ಯಂತ್ರ ಹಾಕಿಕೊಂಡವರ ಗತಿ ಏನು ಎಂದು ಝರೀನಾ ವಿಚಾರಿಸಿದರು. ಬದಲಿಸಿಕೊಳ್ಳಬೇಕು ಎಂದ ವಿನಾಯಕ.

"ಮಷಿನ್ ಕೆಟ್ಟಿಲ್ಲ, ಕಿವಿ ಬದಲಾಗಿಲ್ಲ," ಎಂದರು ಝರೀನಾ. "ಬದಲಾಗಿದ್ದು ನಿಮ್ಮ ಮನಸ್ಸು ಅಷ್ಟ. ಅದಕ್ಕ ನಮ್ಮ ಮಂದಿ ಯಾಕ ದಂಡ ಕಟ್ಟಬೇಕ್ರೀ?"

ವಿನಾಯಕ ನಕ್ಕು ನನ್ನ ಮುಚ್ಚಳ ಮುಚ್ಚಿದ. ಆ ಹೆಂಗಸಿನ ಮೇಜಿನ ಮೇಲೆ ಹಳದಿ ಬಣ್ಣಕ್ಕೆ ತಿರುಗಿದ ಒಂದು ದೊಡ್ಡ ಕಂಪ್ಯೂಟರ್ ಗೊರಗೊರ ಸದ್ದು ಮಾಡುತ್ತಿತ್ತು. ಹಳೆಯ ತಂತ್ರಾಂಶ ಇದ್ದದ್ದು ಅದರಲ್ಲೇ. ನಾನು ಅದನ್ನು ಕೀಳಾಗಿ ಕಂಡೆ.

ಮರುವರ್ಷದ ಬೇಸಿಗೆಯಲ್ಲಿ ಬನಹಟ್ಟಿಯಲ್ಲಿ ಕರೆಂಟು ಹೋಗಿ ಬಂದಾಗ ಆ ಹಳದಿ ಕಂಪ್ಯೂಟರಿನ ಒಳಗೆ ಏನೋ ಸಿಡಿದು ಹೊಗೆ ಎದ್ದಿತಂತೆ. ಅದೇ ಹೊತ್ತಿಗೆ ವಿನಾಯಕ ಕೆಲಸ ಬಿಟ್ಟು ಔಷಧಿ ಕಂಪನಿಯೊಂದಕ್ಕೆ ಸೇರಿದ್ದ. ನಾನು ಅವನ ಸ್ವಂತದ ವಸ್ತು. ಹೊಸ ಕೆಲಸಕ್ಕೆ ನಾನು ಬೇಡವಾಗಿದ್ದೆ. ಝರೀನಾ ಫೋನು ಮಾಡಿ ನನ್ನನ್ನು ಕೊಂಡರು. ಬಸ್ಸಿನಲ್ಲಿ ಅವರ ತೊಡೆಯ ಮೇಲೆ ಕೂತು ಬನಹಟ್ಟಿಗೆ ಬಂದೆ.

ಅಲ್ಲಿಂದ ನನ್ನ ಬದುಕು ಹಿಂದಕ್ಕೆ ನಡೆಯತೊಡಗಿತು.

ಹಳೆಯ ತಂತ್ರಾಂಶದ ಸೀಡಿಯನ್ನು ಝರೀನಾ ಜೋಪಾನವಾಗಿ ಇಟ್ಟಿದ್ದರು. ನನ್ನಲ್ಲಿದ್ದ ಹೊಸ ಆಪರೇಟಿಂಗ್ ಸಿಸ್ಟಂ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಈ ಪ್ರೋಗ್ರಾಂ ಇಲ್ಲಿ ನಡೆಯದು ಎಂಬ ಒಂದೇ ಮಾತು. ಏನೆಲ್ಲ ಉಪಾಯ ಮಾಡಿದರೂ ಅದೇ ಮಾತು. ಆಗ ಅವರು ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಈರಯ್ಯ ಗಣಾಚಾರಿಯನ್ನು ಕರೆಸಿದರು. ಐವತ್ತು ದಾಟಿದ ಮನುಷ್ಯ. ಬಾಯಲ್ಲಿ ಸದಾ ಅಡಿಕೆ. ನನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇಂಥ ಕುದುರೆಗೆ ಆ ಕಾಲದ ಜೀನು ಹೊಂದುವುದಿಲ್ಲ, ಎಲ್ಲ ಅಳಿಸಿ ಹಳೆಯ ಸಿಸ್ಟಂ ಹಾಕಬೇಕಾಗುತ್ತದೆ, ಅದನ್ನು ತಯಾರಿಸಿದವರೇ ಕೈಬಿಟ್ಟು ಎಷ್ಟೋ ವರ್ಷವಾಯಿತು ಎಂದ. ಹಾಕು ಎಂದರು ಝರೀನಾ.

ಹಾಕಿದ. ನನ್ನೊಳಗಿದ್ದದ್ದನ್ನೆಲ್ಲ ಬಳಿದು ಹಾಕಿದ. ಆ ಹಳೆಯ ಸಿಸ್ಟಂ ಕಣ್ಣು ಬಿಟ್ಟಾಗ ಅದಕ್ಕೆ ನನ್ನ ಅಂಗಾಂಗಗಳ ಗುರುತೇ ಸಿಗಲಿಲ್ಲ. ಅದು ಹುಟ್ಟಿದ ಕಾಲದಲ್ಲಿ ನನ್ನಂಥವು ಇರಲೇ ಇಲ್ಲವಲ್ಲ. ನನ್ನ ಟಚ್‌ಪ್ಯಾಡು ಸತ್ತಂತಾಯಿತು. ಸ್ಪೀಕರು ಮೂಕವಾಯಿತು. ವೈಫೈ ಇದೆಯೆಂಬುದೇ ಅದಕ್ಕೆ ಗೊತ್ತಾಗಲಿಲ್ಲ. ಅಗಲವಾದ ನನ್ನ ಪರದೆಯ ನಡುವೆ ಚೌಕಾಕಾರದ ಒಂದು ಚಿತ್ರ ಮೂಡಿತು, ಎರಡೂ ಕಡೆ ಕಪ್ಪು ಪಟ್ಟಿ. ಫ್ಯಾನು ಅಂಕೆ ತಪ್ಪಿ ಹುಚ್ಚು ಹಿಡಿದಂತೆ ತಿರುಗಿತು. ನಾನು ಸಿಟ್ಟಿನಿಂದ ಕಾದು, ಕೆಲಸ ನಿಂತಾಗ ಮೂಡುವ ನೀಲಿ ಪರದೆ ತೋರಿಸಿ ಬಿದ್ದೆ. ಎಬ್ಬಿಸಿದ. ಮತ್ತೆ ಬಿದ್ದೆ. ನಾಳೆಗಾಗಿ ತಯಾರಾದವನನ್ನು ನಿನ್ನೆಗೆ ಕಟ್ಟಿಹಾಕುತ್ತೀರಾ ಎಂದು ಕೇಳಲು ನನಗೆ ಬಾಯಿ ಇರಲಿಲ್ಲ. ಬೀಳುವುದೊಂದೇ ನನಗೆ ಗೊತ್ತಿದ್ದ ಮಾತು.

ಈರಯ್ಯ ನನಗಿಂತ ಹಟಮಾರಿ. ಅಂಗಡಿಯ ಬೇರೆ ಕೆಲಸ ಬದಿಗಿಟ್ಟು, ದೇಶವಿದೇಶದ ಇಂಥದೇ ಹಟದ ಜನ ಬರೆದಿಟ್ಟ, ಸಿಸ್ಟಮ್ಮಿಗೆ ಒಂದೊಂದು ಅಂಗದ ಗುರುತು ಹೇಳಿಕೊಡುವ ಡ್ರೈವರುಗಳನ್ನು ಹುಡುಕಿ ತಂದು ಒಂದೊಂದಾಗಿ ತುಂಬಿದ. ಟಚ್‌ಪ್ಯಾಡಿಗೆ ಜೀವ ಬರಲೇ ಇಲ್ಲ, ಮೌಸು ಸಿಕ್ಕಿಸಿದ. ಶ್ರವಣ ಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸುವ ಹಳೆಯ ಪೆಟ್ಟಿಗೆಯ ಅಗಲ ಬಾಯಿಗೆ ನನ್ನಲ್ಲಿ ಕಿಂಡಿಯೇ ಇರಲಿಲ್ಲ, ನಡುವೆ ಒಂದು ಕೊಂಡಿ ಹಾಕಿದ. ಇಂಟರ್ನೆಟ್ಟಿಗೆ ಮಾತ್ರ ನನ್ನನ್ನು ಬಿಡಲಿಲ್ಲ. ಕಾವಲಿಲ್ಲದ ಸಿಸ್ಟಂ, ಹೊರಗೆ ಹೋದರೆ ಬದುಕುವುದಿಲ್ಲ ಎಂದ. ಅಂದಿನಿಂದ ನಾನು ಆ ಜಾಲದ ಲೋಕ ಕಂಡಿಲ್ಲ.

ಕೊನೆಗೊಂದು ಮಧ್ಯಾಹ್ನ ಹಳೆಯ ತಂತ್ರಾಂಶ ನನ್ನಲ್ಲಿ ಎದ್ದು ಕೂತಿತು. ಝರೀನಾ ಮೊದಲು ಕರೆಸಿದ್ದು ಚಂದ್ರಾಮಪ್ಪ ಬಂಗಿಯನ್ನು.

ಚಂದ್ರಾಮಪ್ಪ ಊರಾಚೆಯ ದೊಡ್ಡ ಮಗ್ಗದ ಕಾರ್ಖಾನೆಯಲ್ಲಿ ಹರೆಯದಿಂದ ದುಡಿದವನು. ಅವನ ಎರಡೂ ಕಿವಿಗೆ ಹಳೆಯ ಸಾಲಿನ ಯಂತ್ರಗಳಿದ್ದವು. ಹಿಂದೆ ನೇಕಾರರ ಸಂಘ ಕೊಡಿಸಿದ್ದು. ಹದ ತಪ್ಪಿ ಬಹಳ ದಿನವಾಗಿತ್ತು. ಮನೆಯಲ್ಲಿ ಸೊಸೆ ಕೈಸನ್ನೆಯಲ್ಲೇ ಊಟಕ್ಕೆ ಕರೆಯುತ್ತಿದ್ದಳು. ಝರೀನಾ ಯಂತ್ರಗಳನ್ನು ತಂತಿಯಿಂದ ನನಗೆ ಜೋಡಿಸಿ, ಹೊಸದಾಗಿ ಪರೀಕ್ಷೆ ಮಾಡಿದ ಹದವನ್ನು ನನ್ನ ಮೂಲಕ ತುಂಬಿದರು. ನನ್ನೊಳಗಿಂದ ಒಂದು ಸಣ್ಣ ಮಿಡಿತ ತಂತಿಯಲ್ಲಿ ಹರಿದು ಅವನ ಕಿವಿಯವರೆಗೆ ಹೋಯಿತು. ಚಂದ್ರಾಮಪ್ಪ ಕೂತಲ್ಲೇ ತಲೆ ಓರೆ ಮಾಡಿದ.

"ಹೊರಗ ಯಾರೋ ಕಸಬರಗಿಲೆ ಅಂಗಳ ಗುಡಸಾಕತ್ತಾರ," ಎಂದ.

ಹೌದು, ಪಕ್ಕದ ಮನೆಯವರು ಗುಡಿಸುತ್ತಿದ್ದರು. ಅವನು ಎದ್ದು ಬಾಗಿಲಿಗೆ ಹೋಗಿ, ಆ ಕಸಬರಿಗೆಯನ್ನು ಬಹಳ ಹೊತ್ತು ನೋಡುತ್ತಾ ನಿಂತ. ಅಷ್ಟು ದಿನ ನಾನು ಬಣ್ಣದ ಗೆರೆ ಕುಣಿಸಿದ್ದೆ, ತಲೆದೂಗಿಸಿಕೊಂಡಿದ್ದೆ. ಒಬ್ಬ ಮನುಷ್ಯನಿಗೂ ಒಂದು ಸದ್ದನ್ನೂ ಕೊಟ್ಟಿರಲಿಲ್ಲ. ಅವತ್ತಿನಿಂದ ಬೀಳುವುದನ್ನು ಕಡಿಮೆ ಮಾಡಿದೆ.

ಆ ಮೇಲಿನ ವರ್ಷ ಕಾರ್ಖಾನೆಯಲ್ಲಿ ಒಂದು ಅವಘಡವಾಯಿತು. ಮಗ್ಗದ ಮುಂದೆ ಶ್ರವಣ ಯಂತ್ರ ಹಾಕಿಕೊಳ್ಳುವಂತಿಲ್ಲ. ಅಲ್ಲಿನ ಗದ್ದಲವನ್ನು ಅದು ಇನ್ನಷ್ಟು ದೊಡ್ಡದು ಮಾಡಿ ತಲೆ ಸಿಡಿಸುತ್ತದೆ. ಹಾಗಾಗಿ ಚಂದ್ರಾಮಪ್ಪ ಅವುಗಳನ್ನು ಬಿಚ್ಚಿ ಜೇಬಿನಲ್ಲಿ ಇಟ್ಟುಕೊಂಡೇ ಕೆಲಸ ಮಾಡುತ್ತಿದ್ದ. ಅವತ್ತು ಅವನ ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ಲಾಳಿ ದಾರಿ ತಪ್ಪಿ ಬಡಿಯತೊಡಗಿತ್ತು. ಬಂದ್ ಮಾಡು ಎಂದು ಪಕ್ಕದವರು ಕೂಗಿದರು, ಮತ್ತೂ ಕೂಗಿದರು. ಅವನಿಗೆ ಕೇಳಿಸಲಿಲ್ಲ. ಲಾಳಿ ಹಾರಿ ಎದುರಿನ ಸಾಲಿನ ನಿಂಗಪ್ಪನ ಹಣೆಗೆ ಬಡಿಯಿತು. ನಿಂಗಪ್ಪ ಬದುಕಿದ. ಆದರೆ ಕಾರ್ಖಾನೆಯವರು ಚಂದ್ರಾಮಪ್ಪನನ್ನು ನಿರ್ಲಕ್ಷ್ಯದ ಕಾರಣಕ್ಕೆ ಎಂದು ಬರೆದು ಹೊರಹಾಕಿದರು.

ಕೆಲಸ ಹೋದದ್ದಕ್ಕಿಂತ ಆ ಒಂದು ಶಬ್ದ ಅವನನ್ನು ಕಡಿಯಿತು. ಕ್ಲಿನಿಕ್ಕಿಗೆ ಬಂದು ಅದನ್ನೇ ಹೇಳಿಕೊಂಡ: ಹರೆಯದಿಂದ ಒಂದು ಎಳೆ ತಪ್ಪದ ಹಾಗೆ ನೇಯ್ದವನು ನಾನು. ನನ್ನ ಕಿವಿ ತಿಂದದ್ದು ಅವರ ಮಗ್ಗ. ತಿಂದಾದ ಮೇಲೆ ಕೇಳಿಸಲಿಲ್ಲ ಎಂದು ನನ್ನ ಮೇಲೆಯೇ ಹೊರಿಸುತ್ತಾರೆ. ಹೀಗೆ ಹೇಳುವಾಗ ಅವನ ಧ್ವನಿ ಓಣಿಯ ಕೊನೆಯವರೆಗೆ ಕೇಳುತ್ತಿತ್ತು. ಸಂಘದವರು ಅವನ ಪರವಾಗಿ ಜಿಲ್ಲೆಯ ಕಾರ್ಮಿಕ ನ್ಯಾಯಾಲಯದಲ್ಲಿ ದಾವೆ ಹಾಕಿದರು. ಝರೀನಾ ಸಾಕ್ಷಿ ಹೇಳಲು ಒಪ್ಪಿದರು.

ಕಾರ್ಖಾನೆಯ ವಕೀಲರು ಬೆಳಗಲಿ ಎಂಬವರು. ಹುಷಾರಿ ಮನುಷ್ಯ. ಈ ಕಿವುಡು ವಯಸ್ಸಿನದು, ಮಗ್ಗದ್ದಲ್ಲ ಎಂದು ವಾದಿಸಿದರು. ಪರೀಕ್ಷೆಯ ಲೆಕ್ಕ ಮಾಡಿದ್ದು ತಯಾರಿಸಿದವರೇ ಕೈಬಿಟ್ಟ ತಂತ್ರಾಂಶದಲ್ಲಿ, ಅದನ್ನು ನಂಬುವಂತಿಲ್ಲ ಎಂದೂ ಹೇಳಿದರು. ಮುಂದಿನ ತಾರೀಖಿಗೆ ಆ ಯಂತ್ರವನ್ನೇ ತರಬೇಕು ಎಂದು ನ್ಯಾಯಾಧೀಶರು ಹೇಳಿದರು. ಆ ಯಂತ್ರ ನಾನು.

ಹೀಗೆ ನನ್ನ ಹೆಸರು ಕೋರ್ಟಿನಲ್ಲಿ ಓಡಾಡುತ್ತಿದ್ದ ಸುದ್ದಿ ಶ್ರವಣ ಯಂತ್ರದ ಕಂಪನಿಗೂ ಮುಟ್ಟಿತು. ವಿನಾಯಕನ ಜಾಗಕ್ಕೆ ಬಂದಿದ್ದ ಹೊಸ ಪ್ರತಿನಿಧಿ ಕಾರು ತೆಗೆದುಕೊಂಡು ಬಂದ. ನಯವಾಗಿಯೇ ಮಾತಾಡಿದ. ಹಿಂದೆ ಪಡೆದ ತಂತ್ರಾಂಶವನ್ನು ಇನ್ನೂ ಬಳಸುವುದು ಕರಾರಿಗೆ ವಿರುದ್ಧ, ಅದನ್ನು ಅಳಿಸಿಬಿಡಿ, ಅಳಿಸಿದ್ದೇನೆ ಎಂದು ಒಂದು ಸಹಿ ಹಾಕಿ, ಇಲ್ಲವಾದರೆ ಡೀಲರ್‌ಶಿಪ್ ಹೋಗುತ್ತದೆ ಎಂದ. ಝರೀನಾ ಅವರ ಕ್ಲಿನಿಕ್ಕು ನಡೆಯುತ್ತಿದ್ದದ್ದೇ ಆ ಕಂಪನಿಯ ಹೊಸ ಯಂತ್ರಗಳ ಮಾರಾಟದಿಂದ. ಹಳೆಯವನ್ನು ಹದ ಮಾಡಿಕೊಟ್ಟರೆ ಸಿಗುತ್ತಿದ್ದದ್ದು ಚಹಾದ ಖರ್ಚಿಗೆ ಸಾಲುವಷ್ಟು.

ಅವರು ನನ್ನ ಕಡೆ ನೋಡಿದರು. ನನ್ನ ಪರದೆಯ ಮೇಲೆ ಆಗ ಯಾರದೋ ಕಿವಿಯ ಗೆರೆ ಇತ್ತು. ಆ ಕ್ಷಣ ನನಗೆ ಹೆದರಿಕೆಯಾಯಿತು. ಮೊದಲ ಸಲ ಅಳಿಸಿದಾಗ ಸಿಟ್ಟು ಬಂದಿತ್ತು. ಈಗ ಹೆದರಿಕೆ.

"ಇದನ್ನ ಅಳಿಸಿದ್ರ ಈ ಊರಾಗ ಎಷ್ಟು ಮಂದಿ ನಾಳೆಯಿಂದ ಕಿವುಡರಾಗ್ತಾರ ನಿಮಗ ಗೊತ್ತೈತ್ಯಾ?" ಎಂದು ಕೇಳಿದರು.

ಅವರೆಲ್ಲ ಹೊಸದು ಕೊಳ್ಳಬಹುದಲ್ಲ ಎಂದ ಅವನು.

ಝರೀನಾ ಎದ್ದು ಹೊರಗೆ ಹೋದರು. ಈರಯ್ಯನನ್ನು ಫೋನಿನಲ್ಲಿ ಕರೆದು ಏಣಿ ತರಲು ಹೇಳಿದರು. ಬಾಗಿಲ ಮೇಲಿದ್ದ ಕಂಪನಿಯ ಹೆಸರಿನ ದೊಡ್ಡ ಬೋರ್ಡನ್ನು ಆ ಪ್ರತಿನಿಧಿಯ ಎದುರಿಗೇ ಇಳಿಸಿ, ಅವನ ಕಾರಿಗೆ ಒರಗಿಸಿದರು. "ನೀವು ಕಸಗೊಳ್ಳೂ ಮೊದಲ ನಾವ ಕೊಡ್ತೀವಿ, ತಗೊಂಡ ಹೋಗ್ರಿ," ಎಂದರು. ಬೋರ್ಡು ಕಾರಿನೊಳಗೆ ಹಿಡಿಯಲಿಲ್ಲ. ಅವನು ಅದನ್ನು ಅಲ್ಲೇ ಬಿಟ್ಟು ಹೋದ. ಅದು ಒಂದು ಮಳೆಗಾಲ ಓಣಿಯ ಚರಂಡಿಯ ಮೇಲೆ ಸೇತುವೆಯಾಗಿ ಕೆಲಸಕ್ಕೆ ಬಂತು.

ಆ ಸಂಜೆ ಅವರು ಒಬ್ಬರೇ ನನ್ನ ಮುಂದೆ ಕೂತಿದ್ದರು. ಮಾಡಿದ್ದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ನಾನೇನು ಹೇಳುತ್ತಿದ್ದೆ? ಸುಮ್ಮನೆ ಬೆಳಗುತ್ತಾ ಇದ್ದೆ.

ಕೋರ್ಟಿನ ದಿನ ಬಿಸಿಲು ಬೆಂಕಿಯಂತಿತ್ತು. ಸಭಾಂಗಣದ ಫ್ಯಾನುಗಳಲ್ಲಿ ಒಂದು ತಿರುಗುತ್ತಿರಲಿಲ್ಲ, ನನಗೆ ಸಿಕ್ಕ ಜಾಗ ಅದರ ಕೆಳಗೇ. ನಾನು ಕಾದರೆ ಬೀಳುತ್ತೇನೆಂದು ಈರಯ್ಯನಿಗೆ ಗೊತ್ತು. ಅವನು ಒಂದು ರಟ್ಟಿನ ತುಂಡು ಹಿಡಿದು ನನ್ನ ಬೆನ್ನಿಗೆ ಗಾಳಿ ಬೀಸುತ್ತಾ ಕೂತ. ಇದೇನು ಎಂದು ಜವಾನ ಗದರಿದಾಗ, ರೋಗಿ ಎಂದ.

ನ್ಯಾಯಾಧೀಶರು ಕನ್ನಡಕ ಹಾಕಿದ್ದ, ಮಿತಭಾಷಿ ಹೆಂಗಸು. ಝರೀನಾ ನನ್ನ ಪರದೆಯ ಮೇಲೆ ಚಂದ್ರಾಮಪ್ಪನ ಕಿವಿಯ ಗೆರೆ ತೆರೆದು ತೋರಿಸಿದರು. ವಯಸ್ಸಿನ ಕಿವುಡು ಇಳಿಜಾರಿನಂತೆ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಗದ್ದಲದ ಕಿವುಡು ಒಂದು ಕಡೆ ಗುಂಡಿ ತೋಡುತ್ತದೆ. ಇವರ ಎರಡೂ ಕಿವಿಯಲ್ಲಿ ಆ ಗುಂಡಿ ಇದೆ ಎಂದು ವಿವರಿಸಿದರು.

ಬೆಳಗಲಿ ವಕೀಲರು ಎದ್ದರು. ನನ್ನ ಮೇಲೆ ಬಾಗಿ, ಚೌಕ ಪರದೆಯನ್ನೂ ಕಪ್ಪು ಪಟ್ಟಿಗಳನ್ನೂ ನೋಡಿ ನಕ್ಕರು. ಈ ಸಿಸ್ಟಂ ಅನ್ನು ತಯಾರಕರೇ ಕೈಬಿಟ್ಟಿದ್ದಾರೆ ಅಲ್ಲವೇ ಎಂದರು. ಹೌದು ಎಂದರು ಝರೀನಾ. ತಂತ್ರಾಂಶವನ್ನೂ? ಹೌದು. ಇದಕ್ಕೆ ಭದ್ರತೆ ಇಲ್ಲ ಎನ್ನುವುದು ನಿಜವೇ? ನಿಜ, ಅದಕ್ಕೇ ಇದಕ್ಕೆ ಇಂಟರ್ನೆಟ್ ಕೊಟ್ಟಿಲ್ಲ ಎಂದರು. ಹಾಗಾದರೆ ಇದನ್ನು ಕೋರ್ಟು ಯಾಕೆ ನಂಬಬೇಕು?

"ಕಿವಿ ಅಳೆಯೋ ಪೆಟ್ಟಿಗಿ ಬ್ಯಾರೆ ಐತ್ರಿ, ಅದನ್ನ ಪ್ರತಿ ವರ್ಷ ತಪಾಸಣಾ ಮಾಡಸ್ತೀನಿ. ಅದು ಅಳದದ್ದನ್ನ ಇದು ಬರೀ ತೋರಸ್ತೈತಿ," ಎಂದರು ಝರೀನಾ. "ಕೈಬಿಟ್ಟವರು ಕೈಬಿಟ್ಟಾರ. ಇದು ಇನ್ನೂ ಯಾರನ್ನೂ ಕೈಬಿಟ್ಟಿಲ್ಲ."

ನ್ಯಾಯಾಧೀಶರು ಟೈಪಿಸ್ಟಿಗೆ ಏನನ್ನೋ ಹೇಳಿ ಬರೆಸಿದರು. ನನ್ನ ಮೈ ಸುಡುತ್ತಿತ್ತು. ಈರಯ್ಯನ ರಟ್ಟು ನಿಂತಿರಲಿಲ್ಲ.

ಆಮೇಲೆ ಚಂದ್ರಾಮಪ್ಪನ ಸರದಿ. ವಕೀಲರು ಜಾಣತನ ಮಾಡಿದರು. ಅವನ ಬೆನ್ನ ಹಿಂದೆ ಹೋಗಿ ನಿಂತು, ತಗ್ಗಿದ ದನಿಯಲ್ಲಿ ಊರು, ಹೆಸರು, ಮಕ್ಕಳು, ಬೆಳಿಗ್ಗೆ ತಿಂದದ್ದು ಏನು ಎಂದೆಲ್ಲ ಕೇಳಿದರು. ಅವನು ಒಂದೊಂದಕ್ಕೂ ಸರಿಯಾಗಿ ಉತ್ತರಿಸಿದ. ಹಿಂದಿನ ದಿನವಷ್ಟೇ ನನ್ನಿಂದ ಹದ ಮಾಡಿಸಿಕೊಂಡಿದ್ದ. ವಕೀಲರು ಮುಂದೆ ಬಂದು ಕೈ ಚಾಚಿ ಹೇಳಿದರು, ನೋಡಿ, ನನಗಿಂತ ಚೆನ್ನಾಗಿ ಕೇಳುತ್ತದೆ, ಕಿವುಡು ಎಲ್ಲಿದೆ?

ಸಂಘದ ವಕೀಲರು ಏಳುವ ಮೊದಲೇ ಚಂದ್ರಾಮಪ್ಪ ಎರಡೂ ಕಿವಿಯ ಯಂತ್ರಗಳನ್ನು ಬಿಚ್ಚಿದ. ಕಟಕಟೆಯಿಂದ ಇಳಿದು ಬಂದು ನನ್ನ ಕೀಲಿಮಣೆಯ ಮೇಲೆ ಇಟ್ಟು ಮರಳಿದ. "ಈಗ ಕೇಳ್ರಿ," ಎಂದ, ಗೋಡೆ ಅದುರುವಷ್ಟು ಜೋರಾಗಿ.

ವಕೀಲರು ಕೇಳಿದರು. ಚಂದ್ರಾಮಪ್ಪ ಕಿಟಕಿಯ ಕಡೆ ನೋಡುತ್ತಿದ್ದ. ಮತ್ತೆ ಕೇಳಿದರು. ಅವನು ಅಲುಗಲಿಲ್ಲ. ಇದು ನಟನೆ ಎಂದರು ವಕೀಲರು. ಅವನು ನಟಿಸುತ್ತಿಲ್ಲ ಎಂದು ತೋರಿಸುವ ದಾರಿ ಇದೆಯೇ ಎಂದು ನ್ಯಾಯಾಧೀಶರು ಝರೀನಾರನ್ನು ಕೇಳಿದರು.

ಇದೆ ಎಂದರು ಅವರು. ಶ್ರವಣ ಯಂತ್ರ ಸರಿಯಾಗಿದೆಯೇ ಎಂದು ನೋಡಲು, ವೈದ್ಯರ ಸ್ಟೆತೋಸ್ಕೋಪಿನಂಥ ಒಂದು ನಳಿಕೆ ಇರುತ್ತದೆ. ಅದರ ತುದಿಗೆ ಯಂತ್ರ ಸಿಕ್ಕಿಸಿದರೆ ನೆಟ್ಟಗೆ ಕೇಳುವವರಿಗೂ ಅದು ಮಾಡುವ ಸದ್ದು ಕೇಳುತ್ತದೆ. ಝರೀನಾ ಯಂತ್ರವನ್ನು ತಂತಿಯಿಂದ ನನಗೆ ಜೋಡಿಸಿ, ಅದರ ಹದ ಎಷ್ಟಿದೆ ಎಂದು ಎಲ್ಲರಿಗೂ ಕಾಣುವ ಹಾಗೆ ಪರದೆಯಲ್ಲಿ ತೆರೆದರು. ಹೇಳುತ್ತೇನೆ ಕೇಳಿ, ಆ ಗಳಿಗೆಯಲ್ಲಿ ನಾನು ಬೀಳುವ ಅಂಚಿನಲ್ಲಿದ್ದೆ. ಬಿಸಿಲು, ಬಿಸಿ, ಮೈಗೆ ಒಗ್ಗದ ಸಿಸ್ಟಂ. ಒಳಗೆಲ್ಲ ಮಂಪರು ಕವಿಯುತ್ತಿತ್ತು. ನಾನು ಬಿದ್ದರೆ ಬೆಳಗಲಿ ವಕೀಲರ ಮಾತು ನಿಜವಾಗುತ್ತದೆ. ಬೀಳುವುದಿಲ್ಲ ಅಂದುಕೊಂಡೆ. ಫ್ಯಾನು ಕಿರುಚುತ್ತಿತ್ತು. ಬೀಳಲಿಲ್ಲ.

ನಳಿಕೆಯನ್ನು ವಕೀಲರ ಕೈಗೆ ಕೊಟ್ಟು, ಕಿವಿಯಿಂದ ಸ್ವಲ್ಪ ದೂರ ಹಿಡಿಯಿರಿ, ಪೂರ್ತಿ ತುರುಕಬೇಡಿ ಎಂದು ಝರೀನಾ ಎಚ್ಚರಿಸಿದರು. ವಕೀಲರಿಗೆ ಸಹನೆ ಇರಲಿಲ್ಲ. ಎರಡೂ ಕಿವಿಗೆ ಒತ್ತಿ ತುರುಕಿಕೊಂಡರು. ಝರೀನಾ ಮೇಜಿನ ಮೇಲಿದ್ದ ಒಂದು ಹಾಳೆಯನ್ನು ತಿರುವಿದರು. ಅಷ್ಟೇ. ವಕೀಲರು ಬೆಚ್ಚಿ ನಳಿಕೆ ಕಿತ್ತು ಒಗೆದು, ಕಿವಿ ಮುಚ್ಚಿಕೊಂಡು ಕುರ್ಚಿ ಹಿಡಿದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕು ತಡೆದುಕೊಂಡರು.

"ಇದು ಕಾಗದದ ಸಪ್ಪಳ," ಎಂದರು ಝರೀನಾ ನ್ಯಾಯಾಧೀಶರ ಕಡೆ ತಿರುಗಿ. "ಇಷ್ಟ ಜೋರು ಮಾಡಿದ್ರನ ಚಂದ್ರಾಮಪ್ಪನವರಿಗೆ ಮಾತು ಮುಟ್ಟೂದು. ನೆಟ್ಟಗ ಕೇಳೋ ಕಿವಿ ಇದನ್ನ ದಿನಾ ಹಾಕ್ಕೊಂಡು ಬಾಳೇವು ಮಾಡೂದು ಸಾಧ್ಯ ಇಲ್ರಿ."

ಏನಾಯಿತೆಂದು ತಿಳಿಯದೆ ನಿಂತಿದ್ದವನು ಚಂದ್ರಾಮಪ್ಪ ಒಬ್ಬನೇ. ಅವನು ಎಲ್ಲರ ಮುಖ ನೋಡಿ, ಮತ್ತೆ ಅದೇ ಜೋರು ದನಿಯಲ್ಲಿ ಹೇಳಿದ: "ನನಗ ಕೇಳಿಲ್ಲ. ಅವತ್ತ ನಿಂಗಪ್ಪಗ ಪೆಟ್ಟು ಬಿದ್ದಾಗೂ ಹಿಂಗ ನಿಂತಿದ್ದೆ. ಇದಕ್ಕ ನಿರ್ಲಕ್ಷ್ಯ ಅಂತ ಬರದಾರ."

ನ್ಯಾಯಾಧೀಶರು ಅದನ್ನು ಅವನ ಮಾತಿನಲ್ಲೇ ಬರೆಸಿದರು. ತಂತ್ರಾಂಶ ಹಳೆಯದೆಂಬ ಆಕ್ಷೇಪವನ್ನೂ ಬರೆಸಿ ಮುಂದೆ ನಡೆದರು. ಹೊರಗೆ ವರಾಂಡದಲ್ಲಿ ಝರೀನಾ ಮುಚ್ಚಳ ಮುಚ್ಚುವ ಮೊದಲೇ ನಾನು ನೀಲಿ ಪರದೆ ತೋರಿಸಿ ಬಿದ್ದೆ. ಈರಯ್ಯ ರಟ್ಟನ್ನು ಮಡಚಿ ಜೇಬಿಗಿಟ್ಟು, ಈಗ ಬೀಳಲಿ ಬಿಡ್ರಿ ಎಂದ.

ತೀರ್ಪು ಬರಲು ಬಹಳ ತಿಂಗಳು ಹಿಡಿಯಿತು. ಅಷ್ಟು ದಿನ ಕ್ಲಿನಿಕ್ಕಿಗೆ ಕಷ್ಟದ ದಿನಗಳು. ಹೊಸ ಯಂತ್ರ ಮಾರುವಂತಿಲ್ಲ. ಝರೀನಾ ಬೆಳಿಗ್ಗೆ ಜಮಖಂಡಿಯ ಒಂದು ಶಾಲೆಯಲ್ಲಿ ಮಕ್ಕಳ ಕಿವಿ ಪರೀಕ್ಷೆಗೆ ಹೋಗಿ, ಮಧ್ಯಾಹ್ನದ ಮೇಲೆ ಬಂದು ಬಾಗಿಲು ತೆರೆಯುತ್ತಿದ್ದರು. ಬೋರ್ಡು ಇಲ್ಲದ ಗೋಡೆಯ ಮೇಲೆ ಬಣ್ಣದಲ್ಲಿ ತಮ್ಮ ಹೆಸರು ಬರೆಸಿದರು. ಅದರ ಕೆಳಗೆ, ಹಳೇ ಕಿವಿ ಮಷಿನ್‌ಗಳನ್ನು ಇಲ್ಲಿ ಸರಿ ಮಾಡಲಾಗುವುದು ಎಂದೂ ಬರೆಸಿದರು. ಇಂಥ ಮಾತು ಗೋಡೆಯ ಮೇಲೆ ಬರೆದವರನ್ನು ನಾನು ಬೇರೆಲ್ಲೂ ನೋಡಿರಲಿಲ್ಲ.

ಕಿವುಡು ಮಗ್ಗದ್ದೇ, ನಿರ್ಲಕ್ಷ್ಯ ಎಂಬ ಮಾತನ್ನು ತೆಗೆದುಹಾಕಬೇಕು ಎಂದು ತೀರ್ಪು ಬಂತು. ಕಾರ್ಖಾನೆಯವರು ಮೇಲಿನ ಕೋರ್ಟಿಗೆ ಹೋದರು. ಅದು ಇನ್ನೂ ನಡೆಯುತ್ತಿದೆ. ಚಂದ್ರಾಮಪ್ಪ ಕಾಯಲಿಲ್ಲ. ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಮುಂದೆ ಸ್ಟೂಲು ಹಾಕಿಕೊಂಡು ನಿಂತು, ತೀರ್ಪಿನ ಪ್ರತಿಯನ್ನು ಮೊದಲಿಂದ ಕೊನೆಯವರೆಗೆ ಓದಿದನಂತೆ. ಕಿವಿಯ ಯಂತ್ರ ಬಿಚ್ಚಿಟ್ಟು ಓದಿದನಂತೆ. ವಾಚ್‌ಮನ್ ಬಂದು ಸಾಕು ಎಂದರೆ ಕೇಳಿಸಬಾರದಲ್ಲ. ಮಗ್ಗದ ಸದ್ದಿಗಿಂತ ಅವನ ದನಿಯೇ ಮೇಲಾಗಿತ್ತು ಎಂದು ಈರಯ್ಯ ಬಂದು ಹೇಳಿದ. ಮರುವಾರದಿಂದ ನೇಕಾರರು ಸಾಲುಗಟ್ಟಿ ಕಿವಿ ಪರೀಕ್ಷೆಗೆ ಬಂದರು. ಎಲ್ಲರ ಕಿವಿಯ ಗೆರೆಯೂ ನನ್ನ ಪರದೆಯ ಮೇಲೆ ಮೂಡಿತು, ಎಲ್ಲರಲ್ಲೂ ಆ ಗುಂಡಿ ಇತ್ತು. ಈಗ ಕಾರ್ಖಾನೆಯಲ್ಲಿ ಕಿವಿಗೆ ಮುಚ್ಚಳ ಕೊಡುತ್ತಿದ್ದಾರಂತೆ. ಪುಣ್ಯಕ್ಕಲ್ಲ, ಭಯಕ್ಕೆ. ಇರಲಿ, ಕಿವಿಗೆ ಎರಡೂ ಒಂದೇ.

ನನಗೂ ಈಗ ವಯಸ್ಸಾಗಿದೆ. ಬ್ಯಾಟರಿ ಊದಿಕೊಂಡು ಅದನ್ನು ತೆಗೆದುಹಾಕಿದ್ದಾರೆ. ಗೋಡೆಗೆ ತಂತಿ ಕಟ್ಟಿಕೊಂಡೇ ನನ್ನ ಜೀವ. ಮುಚ್ಚಳದ ಒಂದು ಕೀಲು ಮುರಿದಿದೆ, ಈರಯ್ಯ ಅಲ್ಲೊಂದು ಇಟ್ಟಿಗೆ ಒತ್ತು ಕೊಟ್ಟಿದ್ದಾನೆ. ಕೆಲವು ಕೀಲಿಗಳ ಅಕ್ಷರ ಅಳಿಸಿಹೋಗಿದೆ, ಝರೀನಾ ಅವರ ಬೆರಳಿಗೆ ಅವುಗಳ ಅಗತ್ಯವೂ ಇಲ್ಲ. ಅವರ ತಲೆಗೂದಲು ಬಿಳಿಯಾಗುತ್ತಿದೆ. ಕ್ಲಿನಿಕ್ಕಿನ ಮೂಲೆಯ ಮೇಜು ನನ್ನದು. ನಡುವಿನ ಮೇಜಿನ ಮೇಲೆ ಬೇರೆ ಕಂಪನಿಯ ಹೊಸ ಯಂತ್ರಗಳಿಗಾಗಿ ಒಂದು ಹೊಸ ಲ್ಯಾಪ್‌ಟಾಪ್ ಬಂದಿದೆ. ಅದರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಪ್ರತಿ ಬಾರಿ ತೆರೆದಾಗಲೂ ಅದು ಅಪ್ಡೇಟ್ ಬೇಡುತ್ತದೆ, ಸಹಿ ಬೇಡುತ್ತದೆ, ಯಾರದೋ ಅನುಮತಿಗೆ ಕಾಯುತ್ತದೆ. ನಾನು ಯಾರನ್ನೂ ಕೇಳುವುದಿಲ್ಲ.

ದೂರದೂರದಿಂದ ಜನ ಬರುತ್ತಾರೆ. ಸೊಲ್ಲಾಪುರದಿಂದ, ಸಾಂಗಲಿಯಿಂದ, ಮುದ್ದೇಬಿಹಾಳದಿಂದ. ಸಕ್ಕರೆ ಪುಡಿಕೆಯಂತೆ ಕಾಗದದಲ್ಲಿ ಸುತ್ತಿದ ಹಳೆಯ ಯಂತ್ರಗಳನ್ನು ಬಿಚ್ಚಿ ಇಡುತ್ತಾರೆ. ಎಲ್ಲ ಕಡೆ ಆಗುವುದಿಲ್ಲ ಅಂದರು, ಇಲ್ಲಿ ಆಗುತ್ತದಂತೆ ಎನ್ನುತ್ತಾರೆ. ಝರೀನಾ ಅವರನ್ನು ಕೂರಿಸಿ, ಮೂಲೆಗೆ ಬಂದು ನನ್ನ ಮುಚ್ಚಳ ಎತ್ತುತ್ತಾರೆ.

ಮೊನ್ನೆ ಬಂದವಳು ಸಾಂಗಲಿಯ ಒಬ್ಬ ಟೈಲರು. ಕೆಲಸ ಮುಗಿದ ಮೇಲೆ ನನ್ನನ್ನು ಬೆರಗಿನಿಂದ ನೋಡಿ, ಇಷ್ಟು ಹಳೆಯದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ, ಆರಿಸಿ ಒಳಗಿಡಬಾರದೇ ಎಂದಳು. ತನ್ನ ಕಿವಿಗೆ ಈಗಷ್ಟೇ ಸದ್ದು ಬಂದದ್ದು ಎಲ್ಲಿಂದ ಎಂದು ಪಾಪ ಅವಳಿಗೆ ಹೊಳೆದಿರಲಿಲ್ಲ. ಝರೀನಾ ನಕ್ಕರು.

ಉತ್ತರ ನನ್ನ ಬಳಿ ಇದೆ. ನನ್ನಲ್ಲಿ ಆರಿಸುವ ಆಜ್ಞೆ ಈಗ ನಡೆಯುವುದಿಲ್ಲ, ಈ ಮೈಗೂ ಆ ಸಿಸ್ಟಂಗೂ ಆ ಒಂದು ವಿಷಯದಲ್ಲಿ ಕೊನೆಗೂ ಹೊಂದಲಿಲ್ಲ. ತಂತಿ ಕಿತ್ತರೆ ಬಿದ್ದೇನು, ಅದು ಆರಿಸಿದಂತಲ್ಲ. ನನ್ನನ್ನು ಆರಿಸಬೇಕೆಂದರೆ ಪವರ್ ಗುಂಡಿಯ ಮೇಲೆ ಬೆರಳಿಟ್ಟು, ಬಲವಾಗಿ ಒತ್ತಿ, ಬಹಳ ಹೊತ್ತು ಹಾಗೆಯೇ ಹಿಡಿದಿರಬೇಕು. ನನಗಿಂತ ಹೆಚ್ಚು ಹೊತ್ತು ಹಟ ಹಿಡಿಯಬಲ್ಲವರು ಬರಲಿ, ಹಿಡಿದು ನೋಡಲಿ.